ಬಚ್ಚಲಿಗೆ ಬಿಸಿನೀರು: ಮೊದಲು ಪೈಪು, ಆಮೇಲೆ ಗೀಸರ್

ಜರ್ಮನಿಯಲ್ಲಿರುವ ತಮ್ಮ ಫೋನ್ ಮಾಡಿ, "ಅಣ್ಣ, ಹೊಸ ಮನೆಗೆ ಹೀಟಿಂಗ್ ಏನು ಹಾಕಿಸ್ತಿದ್ದೀಯ?" ಅಂದ. "ಸೋಲಾರೋ ಗೀಸರ್ರೋ, ಇನ್ನೂ ತೀರ್ಮಾನ ಆಗಿಲ್ಲ ಕಣೋ" ಅಂದೆ. ಆ ಕಡೆ ಎರಡು ಸೆಕೆಂಡ್ ಸದ್ದಿಲ್ಲ. ಆಮೇಲೆ ಇಬ್ಬರಿಗೂ ನಗು ಬಂತು. ಅವನಿಗೆ ಹೀಟಿಂಗ್ ಅಂದರೆ ಮನೆ ಬೆಚ್ಚಗಿಡುವುದು. ನಮಗೆ ಸ್ನಾನದ ನೀರು ಕಾಯಿಸುವುದು.

ಕೋಣೆ ಕಾಯಿಸುವ ಮಾತನ್ನು ಬೇಗ ಮುಗಿಸಿಬಿಡೋಣ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಚಳಿ ಇಲ್ಲ ಅನ್ನಲ್ಲ. ಆದರೆ ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15-16 ಡಿಗ್ರಿ, ಅದೇ ದಿನ ಮಧ್ಯಾಹ್ನ 27ರ ಆಸುಪಾಸು. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಗಲು ಕಾದ ಗೋಡೆ ರಾತ್ರಿ ಬಹಳ ಹೊತ್ತು ಬೆಚ್ಚಗಿರುತ್ತದೆ, ಕಿಟಕಿ ಸಂದಿ ಸರಿಯಾಗಿ ಮುಚ್ಚಿದ್ದರೆ ಒಂದು ಸ್ವೆಟರ್, ಒಂದು ಕಂಬಳಿ ಸಾಕು. ವರ್ಷದಲ್ಲಿ ನಾಲ್ಕು ವಾರದ ಚಳಿಗೆ ಅಂತ ದುಡ್ಡು ಸುರಿಯಬೇಡಿ. ಕರೆಂಟ್ ಕಮ್ಮಿ ತಿನ್ನುವ ಮನೆ ಬೇಕು ಅಂದರೆ ಈ ಊರಲ್ಲಿ ಮೊದಲು ನೋಡಬೇಕಾದ್ದು ಬಚ್ಚಲನ್ನು.

ಎಲ್ಲರೂ ತಪ್ಪು ಮಾಡುವುದೂ ಅಲ್ಲೇ. ಮನೆ ಗಾರೆ ಆಗಿ, ಟೈಲ್ಸ್ ಕೂತು, ಬಣ್ಣದ ಚರ್ಚೆ ನಡೆಯುವಾಗ ಅಂಗಡಿಗೆ ಹೋಗಿ "ಯಾವ ಗೀಸರ್ ಒಳ್ಳೇದು?" ಅಂತ ಕೇಳುತ್ತೇವೆ. ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ತೀರ್ಮಾನ ಗೋಡೆಯೊಳಗೆ ಮುಚ್ಚಿಹೋಗಿರುತ್ತದೆ. ಬಚ್ಚಲು ಎಲ್ಲಿದೆ, ಪೈಪು ಎಷ್ಟು ಉದ್ದ, ಮನೆಯವರು ಎಷ್ಟು ಗಂಟೆಗೆ ಸ್ನಾನ ಮಾಡುತ್ತಾರೆ, ಈ ಮೂರು ಗೊತ್ತಾದರೆ ಯಂತ್ರ ತಾನಾಗಿ ಗೊತ್ತಾಗುತ್ತದೆ.

ಮೊದಲು ಒಂದು ಚಿಕ್ಕ ಲೆಕ್ಕ. ಹೆದರಬೇಡಿ, ಒಂದೇ ಸೂತ್ರ. 1 ಯೂನಿಟ್ ಕರೆಂಟ್ ಸುಮಾರು 860 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡುತ್ತದೆ. ಹಾಗಾಗಿ ಲೀಟರನ್ನು ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿ, ಯೂನಿಟ್ ಸಿಗುತ್ತದೆ. ಟ್ಯಾಂಕಿನ ನೀರು 22 ಡಿಗ್ರಿ ಇದೆ, ಸ್ನಾನಕ್ಕೆ 42 ಬೇಕು ಅಂದುಕೊಳ್ಳಿ. 20 ಲೀಟರಿನ ಒಂದು ಬಕೆಟ್‌ಗೆ 20 ಡಿಗ್ರಿ ಏರಿಸಬೇಕು, ಅಂದರೆ 400 ಭಾಗಿಸು 860, ಹತ್ತಿರ ಹತ್ತಿರ ಅರ್ಧ ಯೂನಿಟ್. ಒಂದು ಬಕೆಟ್, ಅರ್ಧ ಯೂನಿಟ್. ಇದನ್ನು ನೆನಪಿಟ್ಟುಕೊಂಡರೆ ಅಂಗಡಿಯವರು ಹೇಳುವ ಅರ್ಧ ಮಾತು ನೀವೇ ತೂಗಿ ನೋಡಬಹುದು.

ನಮ್ಮ ಮನೆಯಲ್ಲಿ ಐದು ಜನ. ಬಕೆಟ್ ಸ್ನಾನದ ಲೆಕ್ಕದಲ್ಲಿ ತಲೆಗೆ ಒಂದೂವರೆ ಬಕೆಟ್, ಒಟ್ಟು 150 ಲೀಟರ್, ದಿನಕ್ಕೆ ಮೂರೂವರೆ ಯೂನಿಟ್. ಸೋರಿಕೆ ಗೀರಿಕೆ ಸೇರಿ ನಾಲ್ಕು ಅನ್ನಿ, ತಿಂಗಳಿಗೆ 120. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬಚ್ಚಲಿಗೇ ಹೋಯಿತು. ಆ ಮಿತಿ ದಾಟಿದ ತಿಂಗಳು ಪೂರ್ತಿ ಬಿಲ್ ನಾವೇ ಕಟ್ಟಬೇಕು, ಗೊತ್ತಲ್ವಾ? ಮಕ್ಕಳು ಷವರ್ ಕೆಳಗೆ ನಿಂತರೆ ಈ ಲೆಕ್ಕ ಎಲ್ಲಾ ನೀರಿನ ಜೊತೆ ಹರಿದು ಹೋಗುತ್ತದೆ, ಷವರ್ ನಿಮಿಷಕ್ಕೆ ಎಂಟು ಹತ್ತು ಲೀಟರ್ ಸುರಿಯುತ್ತದೆ.

ಈಗ ಪೈಪು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದಕ್ಕೆ ನಾನು ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ನಾವು ಮೊದಲು ಇದ್ದ ಬಾಡಿಗೆ ಮನೆಯಲ್ಲಿ ತಾರಸಿ ಮೇಲೆ ಸೋಲಾರ್ ಇತ್ತು, ಬಚ್ಚಲು ನೆಲಮಹಡಿಯ ಇನ್ನೊಂದು ಮೂಲೆಯಲ್ಲಿತ್ತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ತಣ್ಣೀರು ಬರುತ್ತಿತ್ತು. ಬರುತ್ತಲೇ ಇರುತ್ತಿತ್ತು. ಅಮ್ಮ ಅದನ್ನು ಬಕೆಟ್‌ಗೆ ಹಿಡಿದು, ಗಿಡಕ್ಕೆ ಹಾಕಿ, ಮತ್ತೆ ಬಂದು ಕೈ ಇಟ್ಟು ನೋಡಿ, "ಇನ್ನೂ ಬಂದಿಲ್ಲ" ಅನ್ನುತ್ತಿದ್ದರು. ಒಂದು ದಿನ ಅಳೆದೆ. ಎಂಟು ಲೀಟರ್. ಒಂದಿಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 400 ಮಿಲಿಲೀಟರ್ ನೀರು ನಿಲ್ಲುತ್ತದೆ, ಇಪ್ಪತ್ತು ಮೀಟರ್ ಉದ್ದ ಅಂದರೆ ಎಂಟು ಲೀಟರ್, ಲೆಕ್ಕ ಸರಿಯಾಗೇ ಇತ್ತು. ಆ ಎಂಟು ಲೀಟರ್ ನಿನ್ನೆ ಬಿಸಿಯಾಗೇ ಇತ್ತು, ರಾತ್ರಿಯೆಲ್ಲ ಗೋಡೆಯೊಳಗೆ ತಣ್ಣಗಾಗಿದೆ ಅಷ್ಟೇ. ಅಮ್ಮನ ಸ್ನಾನ ಆರಕ್ಕೆ, ನನ್ನದು ಏಳೂವರೆಗೆ, ಮಕ್ಕಳದ್ದು ಒಂಬತ್ತಕ್ಕೆ. ಪ್ರತಿ ಸಲವೂ ಪೈಪು ಮತ್ತೆ ತಣ್ಣಗೆ. ಮೂರು ಸಲಕ್ಕೆ 24 ಲೀಟರ್, ಅಂದರೆ ಒಂದು ಬಕೆಟ್‌ಗೂ ಜಾಸ್ತಿ ಬಿಸಿನೀರು ದಿನಾ ಗೋಡೆಗೆ ಹೋಗುತ್ತಿತ್ತು. ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿ ನೀರು, ನೋಡಿ.

ಅದಕ್ಕೇ ಹೊಸ ಮನೆಯ ಪ್ಲಾನ್ ಕೈಗೆ ಬಂದಾಗ ನಾನು ಮೊದಲು ನೋಡಿದ್ದು ಬಚ್ಚಲುಗಳನ್ನು. 30×40 ಸೈಟು, ಕೆಳಗೆ ಒಂದು, ಮೇಲೆ ಎರಡು. ಒಂದು ಈಶಾನ್ಯದ ಪಕ್ಕ, ಒಂದು ಪಶ್ಚಿಮದ ಕೊನೆ, ಇನ್ನೊಂದು ಎಲ್ಲೋ ಮಧ್ಯೆ. ವಾಸ್ತುವಿಗೂ ಇಂಜಿನಿಯರಿಗೂ ನಡುವೆ ಎರಡು ವಾರ ಓಡಾಡಿ ಕೊನೆಗೆ ಮೂರನ್ನೂ ಒಂದೇ ಕಡೆಯ ಗೋಡೆಗೆ ತಂದೆವು, ಕೆಳಗಿನ ಬಚ್ಚಲಿನ ಮೇಲೇ ಮೇಲಿನದು, ಅಡುಗೆಮನೆಯ ಸಿಂಕ್ ಅದರ ಬೆನ್ನಿಗೆ. ಬಾಡಿಗೆ ಮನೆಯಲ್ಲಿ ಇಪ್ಪತ್ತು ಮೀಟರ್ ಇದ್ದ ಪೈಪು ಇಲ್ಲಿ ಒಂಬತ್ತಕ್ಕೆ ಇಳಿಯಿತು.

ಪ್ಲಂಬರ್ ಬಂದವನು, "ಸಾರ್, ಬಿಸಿನೀರಿಗೂ ಒಂದಿಂಚೇ ಹಾಕ್ಬಿಡೋಣ, ಫೋರ್ಸ್ ಚೆನ್ನಾಗಿ ಬರತ್ತೆ" ಅಂದ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಮುಕ್ಕಾಲು ಇಂಚಿನ ಪೈಪಿನಲ್ಲಿ ನಿಲ್ಲುವ ನೀರು ಮೀಟರಿಗೆ ಕಾಲು ಲೀಟರ್ ಅಷ್ಟೇ, ಕೊನೆಯಲ್ಲಿ ನಲ್ಲಿಗೆ ಹೋಗುವ ಅರ್ಧ ಇಂಚಿನದರಲ್ಲಿ ಅದಕ್ಕೂ ಅರ್ಧ. ಮೇಲಿಂದ ಇಳಿಯುವ ಪೈಪು ಮುಕ್ಕಾಲು, ಕೊನೆಯ ತುಂಡು ಅರ್ಧ ಅಂತ ಮಾಡಿಸಿದೆ. ಬಿಸಿನೀರಿನ ಸಿಪಿವಿಸಿ (ಬಿಸಿ ತಡೆಯುವ ಪ್ಲಾಸ್ಟಿಕ್) ಪೈಪಿಗೆ ಪೂರ್ತಿ ಕಪ್ಪು ಫೋಮ್ ಕೊಳವೆ ಹಾಕಿಸಿ ಅಂತಲೂ ಹೇಳಿದೆ. ಅದಕ್ಕೆ ಗೋಡೆ ಕಟಿಂಗ್ ಸ್ವಲ್ಪ ಅಗಲ ಬೇಕು, ಆದ್ದರಿಂದ ಗಾರೆಗೆ ಮುಂಚೆ ಹೇಳದಿದ್ದರೆ ಆಮೇಲೆ ಆಗುವುದಿಲ್ಲ. ತಾರಸಿ ಮೇಲಿನ ಫೋಮನ್ನು ಬಿಸಿಲು ಪುಡಿ ಮಾಡುತ್ತದೆ, ಅದರ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿ.

ಇಷ್ಟಾದ ಮೇಲೆ ಯಂತ್ರದ ಮಾತು.

ಗೀಸರ್‌ನಿಂದ ಶುರು ಮಾಡೋಣ. ಕರೆಂಟನ್ನು ನೇರ ಶಾಖ ಮಾಡುವುದು ಅದರ ಕೆಲಸ, 1 ಯೂನಿಟ್ ಕೊಟ್ಟರೆ 1 ಯೂನಿಟ್ ಶಾಖ, ಎಷ್ಟು ದುಬಾರಿ ಗೀಸರ್ ತಂದರೂ ಇದಕ್ಕಿಂತ ಜಾಸ್ತಿ ಸಿಗುವುದಿಲ್ಲ. ಹಾಗಾದರೆ ಮೈಮೇಲೆ ಅಂಟಿಸಿರುವ ಐದು ಸ್ಟಾರ್ ಏನು? ಅದು ತುಂಬಿದ ಗೀಸರ್ ಸುಮ್ನೆ ಆನ್ ಇದ್ದಾಗ ದಿನಕ್ಕೆ ಎಷ್ಟು ಶಾಖ ಸೋರುತ್ತದೆ ಅನ್ನುವ ಅಳತೆ. ನೀವು ಸ್ನಾನಕ್ಕೆ ಇಪ್ಪತ್ತು ನಿಮಿಷ ಮುಂಚೆ ಸ್ವಿಚ್ ಹಾಕಿ, ಆಮೇಲೆ ಆರಿಸುವವರಾದರೆ ಸ್ಟಾರ್‌ಗೆ ಅಂಥಾ ಬೆಲೆ ಇಲ್ಲ. ಬೆಳಿಗ್ಗೆ ಐದಕ್ಕೆ ಹಾಕಿ ಹತ್ತಕ್ಕೆ ಆರಿಸಲು ಮರೆಯುವ ಮನೆಯಾದರೆ ಐದು ಸ್ಟಾರೇ ತನ್ನಿ. 15 ಲೀಟರಿನ ಗೀಸರ್ 60 ಡಿಗ್ರಿಗೆ ಕಾದರೆ ತಣ್ಣೀರು ಬೆರೆಸಿ ಸುಮಾರು 28 ಲೀಟರ್ ಸ್ನಾನದ ನೀರು ಆಗುತ್ತದೆ, ಅಂದರೆ ಬಕೆಟ್ ಸ್ನಾನದ ಒಬ್ಬರಿಗೆ ಸರಿ.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರ್ ಅನ್ನುವುದು ಬೇರೆ ಕಥೆ. 3 ಕಿಲೋವ್ಯಾಟ್ ಅಂದರೆ ಕೇಳೋಕೆ ಜೋರು, ಆದರೆ ನಮ್ಮ 860ರ ಸೂತ್ರ ಹಾಕಿ ನೋಡಿ, ಗಂಟೆಗೆ 129 ಲೀಟರ್, ನಿಮಿಷಕ್ಕೆ ಎರಡು ಚಿಲ್ಲರೆ. ಬಕೆಟ್ ತುಂಬಲು ಒಂಬತ್ತು ನಿಮಿಷ. ಷವರ್‌ಗೆ ಇದು ಆಗಿಬರುವುದಿಲ್ಲ. ಪಾತ್ರೆ ತೊಳೆಯುವ ಸಿಂಕಿಗೆ, ಅತಿಥಿಗಳ ಬಚ್ಚಲಿಗೆ ಪರವಾಗಿಲ್ಲ. ಜೊತೆಗೆ 13 ಆಂಪ್ಸ್ ಎಳೆಯುತ್ತದೆ, 16 ಆಂಪ್ಸ್ ಪಾಯಿಂಟು, ಅದಕ್ಕೆ ತಕ್ಕ ದಪ್ಪ ವೈರು ಬೇಕು. ಮೂರು ಬಚ್ಚಲಿಗೆ ಮೂರು ಗೀಸರ್ ಅಂತ ಬೆಸ್ಕಾಂನಲ್ಲಿ ಜಾಸ್ತಿ ಲೋಡ್ ಬರೆಸಿದರೆ, ಮಂಜೂರಾದ ಒಂದೊಂದು ಕಿಲೋವ್ಯಾಟ್‌ಗೂ ತಿಂಗಳಾ ತಿಂಗಳಾ ಫಿಕ್ಸೆಡ್ ಚಾರ್ಜ್ ಇದೆ, ನೀವು ಗೀಸರ್ ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ಗ್ಯಾಸ್ ಗೀಸರ್ ಬಗ್ಗೆ ನನ್ನ ಅಭಿಪ್ರಾಯ ಒಂದೇ ಸಾಲು: ಬಚ್ಚಲೊಳಗೆ ಬೇಡ. ಬಾಗಿಲು ಕಿಟಕಿ ಮುಚ್ಚಿದ ಸಣ್ಣ ಜಾಗದಲ್ಲಿ ಗ್ಯಾಸ್ ಉರಿದರೆ ಗಾಳಿ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರದ ಸುದ್ದಿ ಈ ಊರಲ್ಲಿ ನಾವು ಎಷ್ಟೋ ಸಲ ಓದಿದ್ದೇವೆ. ಹಾಕಲೇಬೇಕು ಅಂದರೆ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ ಇಟ್ಟು ಪೈಪಿನಲ್ಲಿ ನೀರು ಒಳಗೆ ತನ್ನಿ.

ಇನ್ನು ಸೋಲಾರ್. ಬೆಂಗಳೂರಿನಲ್ಲಿ ಎಷ್ಟೋ ತಾರಸಿಗಳ ಮೇಲೆ ಇದು ಕಾಣುತ್ತದೆ, ಹೊಸ ಕರೆಂಟ್ ಕನೆಕ್ಷನ್ ತಗೊಳ್ಳುವಾಗ ಇದನ್ನು ಕಡ್ಡಾಯ ಮಾಡುವ ನಿಯಮವೂ ಇದೆ, ನಿಮ್ಮ ಸೈಟಿನ ಅಳತೆಗೆ ಅದು ಅನ್ವಯಿಸುತ್ತದಾ ಅಂತ ಇಂಜಿನಿಯರ್ ಹತ್ತಿರ ಮೊದಲೇ ಕೇಳಿಬಿಡಿ. ಕೆಲಸ ಮಾಡುವ ಬಗೆ ಬಹಳ ಸರಳ. ಕಾದ ನೀರು ಹಗುರ, ಮೇಲೇರುತ್ತದೆ. ತಣ್ಣೀರು ಭಾರ, ಕೆಳಗಿಳಿಯುತ್ತದೆ. ಪ್ಯಾನೆಲ್ ಕೆಳಗೆ, ಟ್ಯಾಂಕ್ ಮೇಲೆ ಇಟ್ಟರೆ ಪಂಪಿಲ್ಲದೆ ನೀರು ತಾನೇ ಸುತ್ತುತ್ತದೆ. ಐದು ಜನರ ಮನೆಗೆ 200 ಲೀಟರಿನದು, ಪ್ಯಾನೆಲ್‌ಗೆ ಸುಮಾರು ನಾಲ್ಕು ಚದರ ಮೀಟರ್ ಜಾಗ.

ಚಪ್ಪಟೆ ಪ್ಯಾನೆಲ್ಲೋ ಗಾಜಿನ ಟ್ಯೂಬೋ ಅಂತ ಎಲ್ಲರೂ ಕೇಳುತ್ತಾರೆ. ಟ್ಯೂಬಿನಲ್ಲಿ ಎರಡು ಗಾಜಿನ ಪದರದ ನಡುವೆ ಗಾಳಿಯೇ ಇಲ್ಲ, ಥರ್ಮಾಸ್ ಫ್ಲಾಸ್ಕಿನ ಹಾಗೆ, ಹಾಗಾಗಿ ಶಾಖ ಸೋರುವುದು ಕಮ್ಮಿ, ಬೆಲೆಯೂ ಕಮ್ಮಿ. ಚಪ್ಪಟೆಯದ್ದರಲ್ಲಿ ತಾಮ್ರದ ಕೊಳವೆ, ಗಟ್ಟಿಮುಟ್ಟು. ಹಿಮ ಬೀಳುವ ಊರಲ್ಲದ್ದರಿಂದ ಇಲ್ಲಿ ಎರಡೂ ನಡೆಯುತ್ತವೆ. ಪಕ್ಕದಲ್ಲಿ ತೆಂಗಿನ ಮರ ಇದ್ದರೆ, ಎದುರುಗಡೆ ಹುಡುಗರು ಕ್ರಿಕೆಟ್ ಆಡುವ ಖಾಲಿ ಸೈಟಿದ್ದರೆ ಚಪ್ಪಟೆಯದ್ದಕ್ಕೇ ಹೋಗಿ.

ನಿಜವಾಗಿ ಕೇಳಬೇಕಾದ್ದು ನೀರಿನ ಬಗ್ಗೆ. ಮನೆಯಲ್ಲಿ ನೀರು ಕಾಯಿಸುವ ಕೆಟಲ್ ಇದ್ದರೆ ಅದರ ತಳ ನೋಡಿ. ಬಿಳಿ ಚಕ್ಕೆ ಕಟ್ಟಿದೆಯಾ, ಉಗುರಲ್ಲಿ ಕೆರೆದರೆ ಸುಣ್ಣದ ಹಾಗೆ ಉದುರುತ್ತದಾ? ಹಾಗಿದ್ದರೆ ನಿಮ್ಮದು ಗಡಸು ನೀರು, ಬೋರ್‌ವೆಲ್ಲೋ ಟ್ಯಾಂಕರ್ರೋ. ಅದೇ ಚಕ್ಕೆ ಪ್ಯಾನೆಲಿನ ಕೊಳವೆಯಲ್ಲೂ, ಗೀಸರಿನ ಕಾಯಿಲ್ ಮೇಲೂ ಕಟ್ಟುತ್ತದೆ. ಕಾವೇರಿ ನೀರಾದರೆ ಈ ತಲೆನೋವು ಬಹಳ ಕಮ್ಮಿ. ಬೋರ್ ನೀರೇ ಗತಿ ಅಂದರೆ ಹೀಟ್ ಎಕ್ಸ್‌ಚೇಂಜರ್ ಇರುವ ಸೋಲಾರ್ ತಗೊಳ್ಳಿ, ಅದರಲ್ಲಿ ಪ್ಯಾನೆಲ್ ಒಳಗೆ ಸುತ್ತುವ ನೀರೇ ಬೇರೆ, ನಿಮ್ಮ ಸ್ನಾನದ ನೀರೇ ಬೇರೆ. ಟ್ಯಾಂಕಿನೊಳಗೆ ಮೆಗ್ನೀಸಿಯಂ ಆನೋಡ್ ಕಂಬಿ ಇದ್ದರೆ ಅದನ್ನು ವರ್ಷಕ್ಕೊಮ್ಮೆ ತೆಗೆದು ನೋಡಿ. ಟ್ಯಾಂಕ್ ತುಕ್ಕು ಹಿಡಿಯುವ ಬದಲು ತಾನು ಸವೆಯುವುದೇ ಅದರ ಕೆಲಸ, ಪೂರ್ತಿ ಸವೆದ ಮೇಲೆ ಸರದಿ ಟ್ಯಾಂಕಿನದು.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಬೇಕು. ನಾವು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೇ ಇರುತ್ತಾನೆ, ಆದರೆ ಬಿಸಿನೀರು ಹೆಚ್ಚು ಬೇಕಾದ ಡಿಸೆಂಬರ್-ಜನವರಿಯಲ್ಲಿ ದಕ್ಷಿಣಕ್ಕೆ ವಾಲಿರುತ್ತಾನೆ. ಅದಕ್ಕೇ 23ರಿಂದ 28 ಡಿಗ್ರಿ ಓರೆ ಕೊಡುವುದು. ವಾಸ್ತು ಪ್ರಕಾರ ನೈಋತ್ಯಕ್ಕೆ ಎತ್ತರದ ಓವರ್‌ಹೆಡ್ ಟ್ಯಾಂಕ್ ಕಟ್ಟುತ್ತಾರಲ್ಲ, ಪ್ಯಾನೆಲನ್ನು ಅದರ ಈಶಾನ್ಯಕ್ಕೆ ಹತ್ತಿರದಲ್ಲೇ ಇಟ್ಟರೆ ಚಳಿಗಾಲದ ಮಧ್ಯಾಹ್ನವೆಲ್ಲ ಅದರ ಮೇಲೆ ಟ್ಯಾಂಕಿನ ನೆರಳು.

ನಮಗೆ ಬೇರೆ ಚಿಂತೆ ಇತ್ತು. ದಕ್ಷಿಣದ ಸೈಟು ಈಗ ಖಾಲಿ, ನಾಳೆ ಅಲ್ಲಿ ನಾಲ್ಕು ಮಹಡಿ ಏಳುವುದು ಖಂಡಿತ. ಡಿಸೆಂಬರ್ ಕೊನೆಯಲ್ಲಿ ನಡುಮಧ್ಯಾಹ್ನಕ್ಕೂ ಸೂರ್ಯ 54 ಡಿಗ್ರಿಗಿಂತ ಮೇಲೆ ಹೋಗುವುದಿಲ್ಲ. ಅವರ ಕಟ್ಟಡ ನಮ್ಮ ತಾರಸಿಗಿಂತ 20 ಅಡಿ ಎತ್ತರ ಆಯಿತು ಅನ್ನಿ, ಮಧ್ಯಾಹ್ನದ ನೆರಳು ನಮ್ಮ ಕಡೆಗೆ 15 ಅಡಿ, ಬೆಳಿಗ್ಗೆ ಒಂಬತ್ತಕ್ಕೆ ಇನ್ನೂ ಜಾಸ್ತಿ. ನಮ್ಮ ಸೈಟು ದಕ್ಷಿಣದಿಂದ ಉತ್ತರಕ್ಕೆ 40 ಅಡಿ, ಹಾಗಾಗಿ ಉತ್ತರದ ತುದಿಯಲ್ಲಿ ಮೆಟ್ಟಿಲಿನ ಹೆಡ್‌ರೂಮ್ ಮೇಲೆ ಪ್ಯಾನೆಲ್ ಕೂರಿಸುವುದು ಅಂತಾಯಿತು. ಅಲ್ಲಿಗೆ ಭಾರ ಬರುತ್ತದೆ, 200 ಲೀಟರ್ ನೀರೇ 200 ಕಿಲೋ, ಮೋಲ್ಡ್ ಹಾಕುವ ಮುಂಚೆ ಮೇಸ್ತ್ರಿಗೆ ಹೇಳಿದ್ದು ಒಳ್ಳೆಯದೇ ಆಯಿತು. ಅದೇ ಕಾರಣಕ್ಕೆ ತಣ್ಣೀರಿನ ಟ್ಯಾಂಕನ್ನೂ ಮೇಲೆತ್ತಬೇಕಾಯಿತು, ಯಾಕೆಂದರೆ ಅದರ ತಳ ಸೋಲಾರ್ ಟ್ಯಾಂಕಿಗಿಂತ ಎತ್ತರ ಇಲ್ಲದಿದ್ದರೆ ಸೋಲಾರ್ ತುಂಬುವುದೇ ಇಲ್ಲ.

ಪ್ರೆಷರ್ ಪಂಪ್ ಹಾಕಿಸುವ ಯೋಚನೆ ಇದ್ದರೆ ಇಲ್ಲಿ ಗಮನ ಕೊಡಿ. ತಣ್ಣೀರಿನ ಲೈನಿಗೆ ಮಾತ್ರ ಪಂಪ್ ಹಾಕಿ, ಬಿಸಿನೀರು ಮಾಮೂಲಿ ಸೋಲಾರಿನಿಂದ ಇಳಿದುಬಂದರೆ, ಮಿಕ್ಸರ್ ನಲ್ಲಿಯಲ್ಲಿ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಬಚ್ಚಲಲ್ಲಿ ತಣ್ಣೀರು, ಮೇಲೆ ಸೋಲಾರಿನ ಗಾಳಿ ಪೈಪಿನಿಂದ ನೀರು ಚಿಮ್ಮಿ ತಾರಸಿ ತುಂಬ ಹೊಳೆ. ಪಂಪ್ ಬೇಕೇ ಬೇಕು ಅಂದರೆ ಒತ್ತಡ ತಡೆಯುವ ಸೋಲಾರ್ ಟ್ಯಾಂಕೇ ತಗೊಳ್ಳಬೇಕು, ಅದರ ಬೆಲೆ ಜಾಸ್ತಿ.

ಸೋಲಾರಿನ ನಿಜವಾದ ಕೊರತೆ ಹೊತ್ತಿನದು. ನೀರು ಚೆನ್ನಾಗಿ ಕಾದಿರುವುದು ಸಂಜೆ ನಾಲ್ಕಕ್ಕೆ, ನಮಗೆ ಬೇಕಾದ್ದು ಮಾರನೇ ದಿನ ಬೆಳಿಗ್ಗೆ. ಅಂದರೆ ನಾವು ಸ್ನಾನ ಮಾಡುವುದು ನಿನ್ನೆಯ ಬಿಸಿಲಲ್ಲಿ. ನಿನ್ನೆ ಮೋಡ ಇದ್ದರೆ ಇಂದು ಉಗುರುಬೆಚ್ಚಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ಆಗಾಗ ಇದ್ದದ್ದೇ. ದೀಪಾವಳಿ ಹೊತ್ತಿಗೂ ಅಷ್ಟೇ, ಹಿಂಗಾರು ಮಳೆಯ ಮೋಡ, ಮನೆ ತುಂಬ ನೆಂಟರು, ಎಲ್ಲರಿಗೂ ಎಣ್ಣೆ ಸ್ನಾನ. ನೀರು ತುಂಬುವ ಹಬ್ಬದ ದಿನ ಅಜ್ಜಿ ಹಂಡೆ ಬೆಳಗಿ, ಶೇಡಿ ಸುಣ್ಣ ಬಳಿದು, ನೀರು ತುಂಬಿಸಿ ಇಡುತ್ತಿದ್ದರಲ್ಲ, ಬೆಳಗಿನ ಜಾವದ ಸೌದೆ ಒಲೆಗೆ ಮೋಡದ ಹಂಗಿರಲಿಲ್ಲ. ಆದರೆ ಆ ಒಂದು ಬೆಳಿಗ್ಗೆಗೋಸ್ಕರ 300 ಲೀಟರಿನ ಟ್ಯಾಂಕ್ ತರಬೇಡಿ.

ಮೋಡದ ದಿನಕ್ಕೆ ಸೋಲಾರ್ ಟ್ಯಾಂಕಿನೊಳಗೇ ಕಾಯಿಲ್ ಹಾಕಿಕೊಡುತ್ತಾರೆ. ನಾನು ಬೇಡ ಅಂದೆ. 200 ಲೀಟರನ್ನು 25 ಡಿಗ್ರಿ ಏರಿಸಲು ಸುಮಾರು ಆರು ಯೂನಿಟ್. ಒಬ್ಬರ ಒಂದು ಬಕೆಟ್‌ಗೆ ಟ್ಯಾಂಕ್ ಪೂರ್ತಿ ಕಾಯಿಸುವುದು ಯಾಕೆ? ಅದರ ಬದಲು ಸೋಲಾರ್ ಲೈನಿನ ಕೊನೆಯಲ್ಲಿ, ಬಚ್ಚಲಲ್ಲೇ, ಒಂದು ಸಣ್ಣ ಗೀಸರ್. ಸೋಲಾರ್ 34 ಡಿಗ್ರಿ ನೀರು ಕೊಟ್ಟರೆ ಗೀಸರ್ ಏರಿಸಬೇಕಾದ್ದು ಉಳಿದ ಎಂಟು ಡಿಗ್ರಿ ಮಾತ್ರ. ಬಿಸಿನೀರು ಒಳಗೆ ಬಿಡಬಹುದಾ ಅಂತ ಆ ಗೀಸರಿನ ಪುಸ್ತಕದಲ್ಲಿ ನೋಡಿಯೇ ತಗೊಳ್ಳಿ, ಎಲ್ಲದಕ್ಕೂ ಆಗುವುದಿಲ್ಲ.

ತಾರಸಿಯಲ್ಲಿ ಬಿಸಿಲೇ ಇಲ್ಲದವರಿಗೆ, ಅಥವಾ ಇರುವ ಜಾಗವನ್ನೆಲ್ಲ ಕರೆಂಟಿನ ಸೋಲಾರ್‌ಗೆ ಕೊಟ್ಟವರಿಗೆ, ಹೀಟ್ ಪಂಪ್ ಇದೆ. ಫ್ರಿಜ್ ಗೊತ್ತಲ್ಲ, ಒಳಗಿನ ಶಾಖ ತೆಗೆದು ಹಿಂದುಗಡೆ ಬಿಸಾಡುತ್ತದೆ, ಹಿಂದೆ ಕೈ ಇಟ್ಟರೆ ಬೆಚ್ಚಗೆ. ಅದನ್ನೇ ತಿರುಗುಮುರುಗು ಮಾಡಿದರೆ ಹೀಟ್ ಪಂಪ್, ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ತುಂಬುತ್ತದೆ. ಶಾಖ ಹುಟ್ಟಿಸುವುದಿಲ್ಲ, ಹೊತ್ತು ತರುತ್ತದೆ, ಹಾಗಾಗಿ 1 ಯೂನಿಟ್ ಕರೆಂಟಿಗೆ ಸುಮಾರು 3 ಯೂನಿಟ್ ಶಾಖ. ನಮ್ಮ ತಮ್ಮನ ಊರಲ್ಲಿ ಇದು ಸೊನ್ನೆಗಿಂತ ಕೆಳಗಿನ ಗಾಳಿಯಿಂದ ಶಾಖ ಹೀರಬೇಕು, ಒದ್ದಾಡುತ್ತದೆ. ಬೆಂಗಳೂರಿನ ಗಾಳಿ ಅದಕ್ಕೆ ಹಬ್ಬದ ಊಟ. ಮಧ್ಯಾಹ್ನ ಎರಡಕ್ಕೆ ಟೈಮರ್ ಇಟ್ಟರೆ ಇನ್ನೂ ಒಳ್ಳೆಯದು, ಗಾಳಿ ಬೆಚ್ಚಗಿದ್ದಷ್ಟೂ ಅದಕ್ಕೆ ಕೆಲಸ ಕಮ್ಮಿ, ತಾರಸಿಯಲ್ಲಿ ಕರೆಂಟಿನ ಪ್ಯಾನೆಲ್ ಇದ್ದರೆ ಅದೂ ಆಗಲೇ ಜೋರಾಗಿ ಕೊಡುತ್ತಿರುತ್ತದೆ. ಬೆಲೆ ಗೀಸರಿನ ಹಲವು ಪಟ್ಟು, ಫ್ಯಾನಿನ ಸದ್ದಿದೆ, ಗಾಳಿಯಾಡುವ ಜಾಗ ಬೇಕು, ಕೆಟ್ಟರೆ ಮೂಲೆ ಅಂಗಡಿಯ ಪ್ಲಂಬರ್ ಕೈಯಲ್ಲಿ ಆಗುವ ಕೆಲಸ ಅಲ್ಲ. ಮೂರು ಮಹಡಿ ಬಾಡಿಗೆಗೆ ಕೊಟ್ಟಿರುವ ಕಟ್ಟಡಕ್ಕೆ, ಹತ್ತು ಹನ್ನೆರಡು ಜನಕ್ಕೆ, ದುಡ್ಡು ಬೇಗ ವಾಪಸ್ ಬರುತ್ತದೆ. ಐದು ಜನಕ್ಕೆ ನಿಧಾನ.

ಕರೆಂಟಿನ ಪ್ಯಾನೆಲ್ ಮಾತು ಬಂತಲ್ಲ, 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಹತ್ತಿರ ಬರುತ್ತದೆ, ಹತ್ತು ಚದರ ಮೀಟರ್ ಜಾಗ ತಿನ್ನುತ್ತದೆ. ಆ ಕರೆಂಟನ್ನು ಮಾಮೂಲಿ ಗೀಸರಿಗೆ ಸುರಿಯುವುದು ನನಗಂತೂ ಮನಸ್ಸಿಗೆ ಬರುವುದಿಲ್ಲ. ನೀರು ಕಾಯಿಸುವ ಪ್ಯಾನೆಲ್ ಬಿಸಿಲಿನ ಅರ್ಧದಷ್ಟನ್ನು ಹಿಡಿಯುತ್ತದೆ, ಕರೆಂಟ್ ಪ್ಯಾನೆಲ್ ಐದನೇ ಒಂದು ಭಾಗ ಅಷ್ಟೇ. ಹೀಟ್ ಪಂಪ್ ಜೊತೆ ಸೇರಿಸಿದರೆ ಮಾತ್ರ ಎರಡೂ ಸಮ ಸಮ.

ನಾವು ಕೊನೆಗೆ ಹಾಕಿಸಿದ್ದು 200 ಲೀಟರಿನ ಚಪ್ಪಟೆ ಪ್ಯಾನೆಲ್ ಸೋಲಾರ್, ಮೇಲಿನ ಒಂದು ಬಚ್ಚಲಿಗೂ ಅಮ್ಮನ ಬಚ್ಚಲಿಗೂ ಒಂದೊಂದು ಸಣ್ಣ ಗೀಸರ್. ಮೂರನೆಯದಕ್ಕೆ 16 ಆಂಪ್ಸ್ ಪಾಯಿಂಟ್ ಮಾತ್ರ ಬಿಟ್ಟಿದ್ದೇವೆ, ಬೇಕಾದಾಗ ನೋಡಿಕೊಳ್ಳೋಣ ಅಂತ. ಹೊಸ ಮನೆಯಲ್ಲಿ ಅಮ್ಮ ಮೊದಲ ದಿನ ಅಭ್ಯಾಸಬಲದಿಂದ ತಣ್ಣೀರು ಹಿಡಿಯಲು ಬಕೆಟ್ ಇಟ್ಟಿದ್ದರು. ಎರಡು ಚೊಂಬು ತುಂಬುವಷ್ಟರಲ್ಲಿ ಬಿಸಿ ಬಂತು.

ಒಂದು ಮಾತು ಮರೆತಿದ್ದೆ. ಗಾರೆ ಮಾಡುವ ಹಿಂದಿನ ದಿನ ಪ್ರತಿ ಗೋಡೆಗೂ ಟೇಪ್ ಹಿಡಿದು, ಪೈಪು ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ಎರಡು ಬಚ್ಚಲಲ್ಲಿ ತೆಗೆದೆ, ಮೂರನೆಯದಕ್ಕೆ ಹೋಗುವಷ್ಟರಲ್ಲಿ ಕತ್ತಲಾಯಿತು. ಗೃಹಪ್ರವೇಶಕ್ಕೆ ಮೂರು ದಿನ ಇರುವಾಗ ಟವೆಲ್ ಕಂಬಿ ಹಾಕಲು ಬಂದವನು ಡ್ರಿಲ್ ಇಟ್ಟದ್ದು ಅದೇ ಬಚ್ಚಲಲ್ಲಿ, ಸರಿಯಾಗಿ ಬಿಸಿನೀರಿನ ಪೈಪಿನ ಮೇಲೆ.